ಕದವಿಕ್ಕುವ ಶಿಕ್ಷೆ

ಶಿಷ್ಯನೆಂಬ ಪದವೂ ಶಾಸನವೆಂಬ ಪದವೂ ಒಂದೇ ಧಾತುವಿನಿಂದ ಹುಟ್ಟಿದವು. ಗೌತಮ ಧರ್ಮಸೂತ್ರವು ಶಿಷ್ಯನನ್ನು ಹೊಡೆಯದೆಯೇ ತಿದ್ದಬೇಕೆಂದು ವಿಧಿಸುತ್ತದೆ. ಅದು ಸಾಧ್ಯವಾಗದಾಗ ಮಾತ್ರ ತೆಳುವಾದ ಹಗ್ಗಕ್ಕೋ ಬಿದಿರ ಸೀಳಿಗೋ ಎಡೆಗೊಟ್ಟು, ಬೇರಾವುದರಿಂದ ಹೊಡೆದರೂ ಗುರುವನ್ನೇ ರಾಜನು ದಂಡಿಸಬೇಕೆನ್ನುತ್ತದೆ. ಹೀಗಿದ್ದೂ ನಮ್ಮ ಕೂಲಿಮಠಗಳಲ್ಲಿ ಹುಡುಗರ ಕೈಕಟ್ಟಿ ತೂಗುಹಾಕುವ ಕೋದಂಡವೆಂಬ ಶಿಕ್ಷೆಯು ನಡೆಯುತ್ತಿತ್ತು.

ಕೋದಂಡವು ಹೋಯಿತು; ಅದರ ಬುದ್ಧಿಯು ಪೂರ್ತಿಯಾಗಿ ಹೋಗಿಲ್ಲ. ಮಾತು ಬಾರದ, ಗದ್ದಲವನ್ನು ಸಹಿಸಲಾರದ ಮಗುವು ಕೂಗಿ ಪರಚಿದಾಗ ಅದನ್ನು ಕುರ್ಚಿಗೆ ಕಟ್ಟುವುದು, ಕೋಣೆಯಲ್ಲಿ ಕೂಡಿ ಚಿಲಕ ಹಾಕುವುದು ಶಿಸ್ತೆಂದು ಭಾವಿಸುವವರು ಇನ್ನೂ ಇದ್ದಾರೆ. ಬೋರಲಾಗಿ ನೆಲಕ್ಕೊತ್ತಿ ಹಿಡಿದರಂತೂ ಉಸಿರುಕಟ್ಟಿ ಪ್ರಾಣಕ್ಕೇ ಅಪಾಯವುಂಟು.

ಜಯನಗರದ ಮಗ್ಗುಲಲ್ಲಿಯೇ ನಿಮ್ಹಾನ್ಸ್ ಆಸ್ಪತ್ರೆಯಿದೆ. ೨೦೧೭ರ ಮಾನಸಿಕ ಆರೋಗ್ಯದ ಕಾಯಿದೆಯಂತೆ ಅಂಥ ಆಸ್ಪತ್ರೆಯಲ್ಲಿಯೂ ರೋಗಿಯನ್ನು ಒಂಟಿಯಾಗಿ ಕೂಡಿಹಾಕುವಂತಿಲ್ಲ. ಒಡನೆಯೇ ಒದಗುವ ಅಪಾಯವನ್ನು ತಪ್ಪಿಸಲು ಬೇರೆ ದಾರಿಯಿಲ್ಲದಿದ್ದರೆ, ಮನೋವೈದ್ಯರ ಅಪ್ಪಣೆಯಿಂದ, ಅಗತ್ಯವಾದಷ್ಟು ಹೊತ್ತು ಮಾತ್ರ ಕಟ್ಟಿ ಹಿಡಿಯಬಹುದು. ಶಿಕ್ಷೆಯಾಗಿ ಎಂದಿಗೂ ಕೂಡದು. ವೈದ್ಯರಿಗೇ ಇಲ್ಲದ ಅಧಿಕಾರವು ಉಪಾಧ್ಯಾಯರಿಗೆ ಎಲ್ಲಿಂದ ಬರಬೇಕು? ೨೦೦೯ರ ಶಿಕ್ಷಣ ಹಕ್ಕಿನ ಕಾಯಿದೆಯ ೧೭ನೆಯ ಪ್ರಕರಣವು ದೇಹದಂಡನೆಯನ್ನೂ ಮಾನಸಿಕ ಹಿಂಸೆಯನ್ನೂ ಸ್ಪಷ್ಟವಾಗಿ ನಿಷೇಧಿಸಿದೆ.

ಉಪಾಧ್ಯಾಯರ ಕಷ್ಟವನ್ನು ನಾವು ಬಲ್ಲೆವು. ರಸ್ತೆಗೆ ಓಡುವ ಮಗುವನ್ನು ಹಿಡಿಯದಿರಲಾದೀತೆ? ಹಿಡಿಯಲೇಬೇಕು, ಅಪಾಯವು ಕಳೆದೊಡನೆ ಬಿಡಲೂಬೇಕು. ಆದರೆ ನಿಜವಾದ ಕೆಲಸವಿರುವುದು ಅದಕ್ಕೆ ಮೊದಲು. ಮಗುವು ಕೆರಳುವುದು ಊಟಕ್ಕೆ ಮುಂಚೆಯೋ, ಗಂಟೆ ಬಾರಿಸಿದಾಗಲೋ, ಕೂಡುವ ಜಾಗವನ್ನು ಬದಲಿಸಿದಾಗಲೋ ಎಂಬುದನ್ನು ಕೆಲವು ದಿನ ಬರೆದಿಟ್ಟರೆ ಕಾರಣವು ತಾನೇ ಹೊರಬೀಳುವುದುಂಟು. ಮಾತು ಬಾರದ ಮಗುವಿಗೆ "ಸಾಕು" ಎಂದು ತಿಳಿಸಲು ಒಂದು ಚಿತ್ರದ ಚೀಟಿ, ಬಾಗಿಲು ತೆರೆದಿರುವ ಒಂದು ಶಾಂತವಾದ ಮೂಲೆ, ಜೊತೆಗೆ ಪರಿಚಿತರೊಬ್ಬರು: ಇಷ್ಟರಿಂದಲೇ ಎಷ್ಟೋ ರಂಪವು ಹುಟ್ಟದೆಯೇ ಅಡಗುತ್ತದೆ.

ಮಗುವಿನ ಕೈಯಲ್ಲಿ ಬಾಸುಂಡೆಯನ್ನು ಕಂಡರೂ, ಶಾಲೆಯಿಂದ ಹೊರಹಾಕಿಯಾರೆಂದು ಸುಮ್ಮನಿರುವ ತಾಯಿತಂದೆಗಳುಂಟು. ಅವರು ಒಂದನ್ನು ತಿಳಿಯತಕ್ಕದ್ದು: ಆ ಕಾಯಿದೆಗೆ ಒಳಪಟ್ಟ ಶಾಲೆಯು ಎಂಟನೆಯ ತರಗತಿ ಮುಗಿಯುವವರೆಗೆ ಮಗುವನ್ನು ಹೊರಹಾಕುವಂತಿಲ್ಲ. ಆದುದರಿಂದ ವಿನಯವಾಗಿ, ಆದರೆ ಬರವಣಿಗೆಯಲ್ಲಿ ಕೇಳಬೇಕು: ಮಗುವನ್ನು ಹಿಡಿದಿರೋ, ಕೂಡಿದಿರೋ? ಎಷ್ಟು ಹೊತ್ತು? ಅದಕ್ಕೆ ಮುಂಚೆ ನಡೆದುದೇನು? ಮುಂದೆ ಹೀಗಾದರೆ ಅದೇ ದಿನ ತಿಳಿಸುವಿರಾ?

ಕೊನೆಗೊಂದು ಮಾತು. ಹಟ ಮಾಡಿದ ಮಗುವನ್ನು ಬಚ್ಚಲಲ್ಲಿ ಕೂಡುವ ಮನೆಗಳೂ ಇಲ್ಲದಿಲ್ಲ. ಶಾಲೆಯ ಕದವನ್ನು ತೆರೆಸಲು ಹೊರಡುವವರು ಮೊದಲು ತಮ್ಮ ಮನೆಯ ಚಿಲಕವನ್ನು ತೆಗೆಯುವುದು ಲೇಸು.