ಸೀಗೆ ಹುಣ್ಣಿಮೆಯಿಂದ ಯುಗಾದಿಯವರೆಗೆ ಬರಿದಾಗದ ಕೈತೋಟ

ಉತ್ತರ ಕರ್ನಾಟಕದ ಬಯಲುಸೀಮೆಯಲ್ಲಿ ಹಿಂಗಾರು ಬಿತ್ತನೆ ಮುಗಿಯುತ್ತಿದ್ದಂತೆ ಹಿತ್ತಲಿನಲ್ಲಿಯೂ ಮಡಿಗಳು ಸಿದ್ಧವಾಗುತ್ತವೆ. ಮೆಂತ್ಯೆ, ಕೊತ್ತಂಬರಿ, ಪಾಲಕ್, ಮೂಲಂಗಿ, ಗಜ್ಜರಿ, ಎಲೆಕೋಸು ಮುಂತಾದವುಗಳನ್ನು ಬಹುತೇಕ ಮನೆಗಳಲ್ಲಿ ಒಂದೇ ವಾರದಲ್ಲಿ ಬಿತ್ತಲಾಗುತ್ತದೆ. ಪರಿಣಾಮವಾಗಿ ಡಿಸೆಂಬರ್‌ನಲ್ಲಿ ನೆರೆಹೊರೆಗೆ ಹಂಚಿದರೂ ಮಿಗುವಷ್ಟು ಸೊಪ್ಪು ಬರುತ್ತದೆ. ಫೆಬ್ರವರಿಯ ಕೊನೆಗೆ ಕೊತ್ತಂಬರಿ ಹೂ ಬಿಟ್ಟಿರುತ್ತದೆ, ಮೂಲಂಗಿ ಬೆಂಡಾಗಿರುತ್ತದೆ. ಮಾರ್ಚ್‌ನಲ್ಲಿ ಮಡಿಗಳು ಖಾಲಿಯಾಗಿರುತ್ತವೆ.

ಮಡಿ ಖಾಲಿಯಾಗುವ ಈ ಕಾಲದಲ್ಲಿಯೇ ಸಂತೆಯಲ್ಲಿ ಸೊಪ್ಪಿನ ಬೆಲೆ ಏರುತ್ತದೆ ಮತ್ತು ಊಟದ ತಟ್ಟೆಯಲ್ಲಿ ಪಲ್ಯದ ಪಾಲು ಕುಗ್ಗುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದ 15ರಿಂದ 49 ವರ್ಷದೊಳಗಿನ ಮಹಿಳೆಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ಐದು ವರ್ಷದೊಳಗಿನ ಮಕ್ಕಳಲ್ಲಿ ಈ ಪ್ರಮಾಣ ಇನ್ನೂ ಹೆಚ್ಚು. ಆದುದರಿಂದ ಕೈತೋಟವು ಒಂದೆರಡು ತಿಂಗಳು ಹೇರಳವಾಗಿ ಕೊಡುವುದಕ್ಕಿಂತ, ಪ್ರತಿದಿನ ಸ್ವಲ್ಪ ಸ್ವಲ್ಪವಾಗಿ, ಬೇಸಿಗೆ ಕಾಲಿಟ್ಟ ಮೇಲೂ ಕೊಡುವಂತಿರಬೇಕು. ಇದಕ್ಕೆ ಹೆಚ್ಚಿನ ಖರ್ಚು ಬೇಕಿಲ್ಲ. ಬಿತ್ತನೆಯ ದಿನಗಳನ್ನು ಲೆಕ್ಕ ಹಾಕಿ ಗೊತ್ತುಪಡಿಸಿದರೆ ಸಾಕು.

ಚಳಿಗಾಲದ ಬೆಳೆಗಳಿಗೆ ಗಡುವು ಏಕೆ?

ಡಿಸೆಂಬರ್ ಮತ್ತು ಜನವರಿಯಲ್ಲಿ ಈ ಭಾಗದ ರಾತ್ರಿ ಉಷ್ಣಾಂಶ ಸಾಮಾನ್ಯವಾಗಿ 12ರಿಂದ 17 ಡಿಗ್ರಿ ಸೆಲ್ಸಿಯಸ್‌ನಷ್ಟಿರುತ್ತದೆ. ರಾತ್ರಿ ತಂಪಾಗಿದ್ದಾಗ ಗಿಡದ ಉಸಿರಾಟ ನಿಧಾನವಾಗುತ್ತದೆ. ಹಗಲಿನಲ್ಲಿ ತಯಾರಾದ ಸಕ್ಕರೆಯ ಹೆಚ್ಚಿನ ಭಾಗ ಎಲೆ ಮತ್ತು ಗಡ್ಡೆಗಳಲ್ಲಿ ಉಳಿಯುತ್ತದೆ. ಚಳಿಯಲ್ಲಿ ಬೆಳೆದ ಗಜ್ಜರಿ ಸಿಹಿಯಾಗಿರುವುದಕ್ಕೆ ಇದೇ ಕಾರಣ.

ಫೆಬ್ರವರಿಯ ಮೂರನೆಯ ವಾರದಿಂದ ಹಗಲಿನ ಉಷ್ಣಾಂಶ 33 ಡಿಗ್ರಿ ದಾಟತೊಡಗುತ್ತದೆ. ಹಗಲಿನ ಅವಧಿಯೂ ಹೆಚ್ಚುತ್ತದೆ. ಆಗ ಕೊತ್ತಂಬರಿ, ಪಾಲಕ್ ಮತ್ತು ಮೂಲಂಗಿಗಳು ಎಲೆ, ಗಡ್ಡೆಗಳ ಬೆಳವಣಿಗೆಯನ್ನು ನಿಲ್ಲಿಸಿ ಹೂದಂಟು ಹೊರಡಿಸುತ್ತವೆ. ಹೂಕೋಸಿನ ಗಡ್ಡೆ ಬಿಡಿಬಿಡಿಯಾಗುತ್ತದೆ. ಹಗಲು 35 ಡಿಗ್ರಿ ಮೀರಿ ರಾತ್ರಿಯೂ ಬೆಚ್ಚಗಿದ್ದರೆ ಟೊಮೆಟೊದಲ್ಲಿ ಪರಾಗ ಸತ್ವ ಕಳೆದುಕೊಂಡು ಹೂ ಉದುರುತ್ತದೆ. ಈ ಹಂತದಲ್ಲಿ ಹೆಚ್ಚು ಗೊಬ್ಬರ ಅಥವಾ ಹೆಚ್ಚು ನೀರು ಕೊಟ್ಟರೂ ಪ್ರಯೋಜನವಾಗದು.

ಹಿಂದಕ್ಕೆ ಎಣಿಸುವ ಕ್ರಮ

ಫೆಬ್ರವರಿ 20ನ್ನು ಚಳಿಗಾಲದ ಬೆಳೆಗಳ ಕೊನೆಯ ಕಟಾವಿನ ದಿನವೆಂದು ಇಟ್ಟುಕೊಳ್ಳಬೇಕು. ಅಲ್ಲಿಂದ ಆಯಾ ಬೆಳೆಯ ಅವಧಿಯಷ್ಟು ದಿನಗಳನ್ನು ಹಿಂದಕ್ಕೆ ಎಣಿಸಿದರೆ ಬಿತ್ತನೆಯ ಕೊನೆಯ ದಿನ ದೊರೆಯುತ್ತದೆ.

• ಎಲೆಕೋಸು, ಹೂಕೋಸು: ಸಸಿಮಡಿಯಲ್ಲಿ 28 ದಿನ, ನಾಟಿಯ ನಂತರ ಸುಮಾರು 90 ದಿನ. ಬೀಜ ಹಾಕಲು ಕೊನೆಯ ದಿನ ಅಕ್ಟೋಬರ್ 25.
• ಗಜ್ಜರಿ: ಸುಮಾರು 95 ದಿನ. ನವೆಂಬರ್ 17.
• ನವಿಲುಕೋಸು: ಸಸಿಮಡಿ ಸೇರಿ ಸುಮಾರು 80 ದಿನ. ಡಿಸೆಂಬರ್ 2.
• ಬೀಟ್‌ರೂಟ್: ಸುಮಾರು 70 ದಿನ. ಡಿಸೆಂಬರ್ 12.
• ಮೂಲಂಗಿ: 45ರಿಂದ 50 ದಿನ. ಜನವರಿ 1.
• ಕೊತ್ತಂಬರಿ: ಸುಮಾರು 40 ದಿನ. ಜನವರಿ 11.
• ಮೆಂತ್ಯೆ: ಸುಮಾರು 30 ದಿನ. ಜನವರಿ 21.

ಇವು ಕೊನೆಯ ದಿನಗಳು. ಬಿತ್ತನೆಯನ್ನು ಸೀಗೆ ಹುಣ್ಣಿಮೆಯ ಆಸುಪಾಸಿನಲ್ಲಿಯೇ ಆರಂಭಿಸಬೇಕು. ಹಬ್ಬಗಳ ಲೆಕ್ಕ ನೆನಪಿಗೆ ಸುಲಭ. ಆದರೆ ಅಧಿಕ ಮಾಸ ಬಂದ ವರ್ಷ ಹಬ್ಬಗಳು ಮುಂದಕ್ಕೆ ಹೋಗುವುದರಿಂದ ತಾರೀಖನ್ನೇ ಆಧಾರವಾಗಿಟ್ಟುಕೊಳ್ಳುವುದು ಲೇಸು. ಬೆಂಗಳೂರು, ತುಮಕೂರು, ಮೈಸೂರು ಭಾಗಗಳಲ್ಲಿ ಬಿಸಿಲು ನಿಧಾನವಾಗಿ ಏರುವುದರಿಂದ ಎರಡು ವಾರ ತಡವಾದರೂ ನಡೆಯುತ್ತದೆ. ಕರಾವಳಿಯಲ್ಲಿ ಚಳಿ ಕಡಿಮೆ; ಅಲ್ಲಿ ಕೋಸಿಗಿಂತ ಹರಿವೆ, ಬಸಳೆ, ಅಲಸಂದೆ ಹೆಚ್ಚು ಸೂಕ್ತ.

ಮಡಿ ಮತ್ತು ಮಣ್ಣು

ಒಂದು ಗುಂಟೆ, ಅಂದರೆ 33 ಅಡಿ ಉದ್ದ 33 ಅಡಿ ಅಗಲದ ಜಾಗವಿದ್ದರೆ 1.2 ಮೀಟರ್ ಅಗಲ ಮತ್ತು 4 ಮೀಟರ್ ಉದ್ದದ 12 ಮಡಿಗಳನ್ನು ಮಾಡಬಹುದು. ಉಳಿದ ಜಾಗ ಓಡಾಟದ ದಾರಿ, ಗೊಬ್ಬರದ ಗುಂಡಿ ಮತ್ತು ಅಂಚಿನ ಗಿಡಗಳಿಗೆ ಸಾಕಾಗುತ್ತದೆ. ಕಪ್ಪು ಮಣ್ಣಿನಲ್ಲಿ ನೀರು ಬೇಗ ಬಸಿಯುವುದಿಲ್ಲವಾದ್ದರಿಂದ ಮಡಿಗಳನ್ನು 15 ಸೆಂಟಿಮೀಟರ್ ಎತ್ತರಿಸಬೇಕು. ಪ್ರತಿ ಮಡಿಗೆ 10ರಿಂದ 12 ಕಿಲೋ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಮತ್ತು ಅರ್ಧ ಕಿಲೋ ಬೇವಿನ ಹಿಂಡಿ ಬೆರೆಸಬೇಕು. ಹಸಿ ಸಗಣಿ ಹಾಕಿದರೆ ಗೊಣ್ಣೆಹುಳು ಹೆಚ್ಚುತ್ತದೆ; ಗಜ್ಜರಿ, ಮೂಲಂಗಿಗಳು ಕವಲೊಡೆಯುತ್ತವೆ.

12 ಮಡಿಗಳಲ್ಲಿ 4 ಸೊಪ್ಪಿಗೆ, 4 ಗಡ್ಡೆ ಮತ್ತು ಕಾಳು ಜಾತಿಯ ತರಕಾರಿಗಳಿಗೆ, 4 ಸಸಿ ನಾಟಿ ಮಾಡುವ ಟೊಮೆಟೊ, ಬದನೆ, ಮೆಣಸಿನಕಾಯಿ ಮತ್ತು ಕೋಸುಗಳಿಗೆ ಇರಲಿ. ಬಿಸಿಲಿಗೆ ಅಡ್ಡಿಯಾಗದಂತೆ ಉತ್ತರ ಮತ್ತು ಪಶ್ಚಿಮದ ಅಂಚಿನಲ್ಲಿ ನುಗ್ಗೆ, ಕರಿಬೇವು, ಪಪ್ಪಾಯಿ ಮತ್ತು ನಿಂಬೆ ನೆಡಬೇಕು. ನುಗ್ಗೆಯ ಬೇರು ಆಳಕ್ಕೆ ಇಳಿಯುವುದರಿಂದ ಕಡು ಬೇಸಿಗೆಯಲ್ಲಿಯೂ ಸೊಪ್ಪು ಸಿಗುತ್ತದೆ. ಊಟದೊಡನೆ ನಿಂಬೆರಸ ಬಳಸಿದರೆ ಸೊಪ್ಪಿನಲ್ಲಿರುವ ಕಬ್ಬಿಣಾಂಶವನ್ನು ದೇಹ ಹೆಚ್ಚಾಗಿ ಹೀರಿಕೊಳ್ಳುತ್ತದೆ.

ಕಂತು ಬಿತ್ತನೆ

ಐದು ಜನರ ಕುಟುಂಬದಲ್ಲಿ ತಲಾ 100 ಗ್ರಾಂನಂತೆ ದಿನಕ್ಕೆ ಅರ್ಧ ಕಿಲೋ ಸೊಪ್ಪು ಬೇಕು. ಒಂದು ಮಡಿಯಿಂದ 3ರಿಂದ 3.5 ಕಿಲೋ ಮೆಂತ್ಯೆ ಸೊಪ್ಪನ್ನು ನಿರೀಕ್ಷಿಸಬಹುದು. ಅದು ಸುಮಾರು ಒಂದು ವಾರಕ್ಕೆ ಆಗುತ್ತದೆ. ಆದ್ದರಿಂದ ಸೊಪ್ಪಿನ ನಾಲ್ಕು ಮಡಿಗಳನ್ನು ಒಟ್ಟಿಗೆ ಬಿತ್ತದೆ 8 ದಿನಕ್ಕೆ ಒಂದರಂತೆ ಬಿತ್ತಬೇಕು. ನಾಲ್ಕನೆಯ ಮಡಿ ಬಿತ್ತಿ ಒಂದು ವಾರವಾಗುವಷ್ಟರಲ್ಲಿ ಮೊದಲನೆಯದು ಕಟಾವಿಗೆ ಬಂದಿರುತ್ತದೆ. ಅದನ್ನು ಕಿತ್ತು, ಎರಡು ಬುಟ್ಟಿ ಗೊಬ್ಬರ ಬೆರೆಸಿ, ಬೇರೆ ಜಾತಿಯ ಸೊಪ್ಪು ಬಿತ್ತಬೇಕು. ಪಾಲಕನ್ನು ಬುಡದಿಂದ ಕೀಳದೆ ಎಲೆ ಕೊಯ್ದರೆ ಮತ್ತೆ ಮತ್ತೆ ಚಿಗುರುತ್ತದೆ. ಕೊತ್ತಂಬರಿ ಬೀಜವನ್ನು ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ ಬಿತ್ತಬೇಕು.

ಮೂಲಂಗಿ, ಬೀಟ್‌ರೂಟ್ ಮತ್ತು ಹುರುಳಿಕಾಯಿಯನ್ನು 15 ದಿನಗಳ ಅಂತರದಲ್ಲಿ ಅರ್ಧರ್ಧ ಮಡಿಯಂತೆ ಬಿತ್ತಬೇಕು. ಮೂಲಂಗಿಯಲ್ಲಿ ‘ಅರ್ಕಾ ನಿಶಾಂತ್’ ತಳಿ ಬೇಗ ಬೆಂಡಾಗುವುದಿಲ್ಲ. ನಾಟಿ ಅವರೆ ಹಗಲು ಕಿರಿದಾದಾಗ ಮಾತ್ರ ಹೂ ಬಿಡುವುದರಿಂದ ಅದಕ್ಕೆ ಕಂತು ಬಿತ್ತನೆ ಹೊಂದುವುದಿಲ್ಲ. ಹಗಲಿನ ಅವಧಿಯನ್ನು ಅವಲಂಬಿಸದ ‘ಹೆಬ್ಬಾಳ ಅವರೆ–4’ ತಳಿಯನ್ನು ಕಂತುಗಳಲ್ಲಿ ಬಿತ್ತಬಹುದು.

ನೀರಿನ ಲೆಕ್ಕ

ಚಳಿಗಾಲದಲ್ಲಿ ಒಂದು ಚದರ ಮೀಟರ್ ಮಡಿಗೆ ದಿನಕ್ಕೆ 3ರಿಂದ 4 ಲೀಟರ್ ನೀರು ಸಾಕು. ಮಾರ್ಚ್‌–ಏಪ್ರಿಲ್‌ನಲ್ಲಿ 6ರಿಂದ 7 ಲೀಟರ್ ಬೇಕು. 12 ಮಡಿಗಳ ಒಟ್ಟು ವಿಸ್ತೀರ್ಣ ಸುಮಾರು 58 ಚದರ ಮೀಟರ್. ಚಳಿಗಾಲದಲ್ಲಿ ದಿನಕ್ಕೆ 200 ಲೀಟರ್ ಬೇಕಾದರೆ ಬೇಸಿಗೆಯಲ್ಲಿ ಅದೇ ಮಡಿಗಳಿಗೆ 375 ಲೀಟರ್ ಬೇಕಾಗುತ್ತದೆ. 200 ಲೀಟರ್ ಎಂದರೆ 15 ಲೀಟರ್ ಹಿಡಿಯುವ 13 ಕೊಡ. ಇದನ್ನು ಹೊರುವವರು ಹೆಚ್ಚಾಗಿ ಮನೆಯ ಹೆಣ್ಣುಮಕ್ಕಳೇ. ಆದ್ದರಿಂದ ನೀರನ್ನು ಇಮ್ಮಡಿಗೊಳಿಸುವ ಬದಲು ಮಡಿಗಳನ್ನು ಅರ್ಧಕ್ಕೆ ಇಳಿಸುವುದು ವಿವೇಕದ ಕ್ರಮ. ಫೆಬ್ರವರಿಯ ಕೊನೆಗೆ ಆರು ಮಡಿಗಳಲ್ಲಿ ಮಾತ್ರ ಬೆಳೆ ಇರಲಿ. ಉಳಿದ ಆರನ್ನು ಅಗೆದು ಬಿಸಿಲಿಗೆ ಬಿಟ್ಟರೆ ಮಣ್ಣಿನಲ್ಲಿರುವ ರೋಗಾಣು, ಜಂತುಹುಳು ಮತ್ತು ಕೀಟಗಳ ಕೋಶಗಳು ಕಡಿಮೆಯಾಗುತ್ತವೆ.

ಬೆಳೆಯಿರುವ ಮಡಿಗಳಿಗೆ ಒಣ ಎಲೆ, ಕಡಲೆ ಹೊಟ್ಟು ಅಥವಾ ಜೋಳದ ರವದಿಯನ್ನು ಮೂರು ಬೆರಳಿನಷ್ಟು ದಪ್ಪ ಹೊದಿಸಬೇಕು. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರನ್ನು ನೇರವಾಗಿ ಮಡಿಗೆ ಹಾಕಬಹುದು. ಸ್ನಾನದ ನೀರು ಪಪ್ಪಾಯಿ, ನುಗ್ಗೆ ಗಿಡಗಳ ಬುಡಕ್ಕೆ ಹೋಗಲಿ. ಬಟ್ಟೆ ಒಗೆದ ನೀರನ್ನು ಬಳಸಬಾರದು. ಅದರಲ್ಲಿರುವ ಸೋಡಿಯಂ ಲವಣದಿಂದ ಕಪ್ಪು ಮಣ್ಣಿನ ರಚನೆ ಕೆಟ್ಟು ನೀರು ಇಂಗದಂತಾಗುತ್ತದೆ.

ಸಂಕ್ರಾಂತಿಯ ನಂತರದ ಸಿದ್ಧತೆ

ಬೇಸಿಗೆಯ ಬೆಳೆಗಳನ್ನು ಚಳಿಗಾಲದ ಬೆಳೆ ಮುಗಿದ ಮೇಲೆ ಆರಂಭಿಸಿದರೆ ಒಂದೂವರೆ ತಿಂಗಳು ತಟ್ಟೆ ಬರಿದಾಗುತ್ತದೆ. ಆದುದರಿಂದ ಸಂಕ್ರಾಂತಿಯ ಮರುವಾರದಿಂದಲೇ ಸಿದ್ಧತೆ ನಡೆಯಬೇಕು. ಜನವರಿ 20ರಿಂದ 25ರೊಳಗೆ ಹೀರೆ, ಸೌತೆ, ಹಾಗಲ ಬೀಜಗಳನ್ನು ಸಣ್ಣ ಪಾಲಿಥಿನ್ ಚೀಲಗಳಲ್ಲಿ ಹಾಕಿ, ಗೋಡೆಯ ಬದಿಯ ಬೆಚ್ಚನೆಯ ಜಾಗದಲ್ಲಿಟ್ಟು, ಎರಡು ಮೂರು ಎಲೆ ಬಂದಾಗ ಬೇಲಿಯ ಬುಡಕ್ಕೆ ನಾಟಿ ಮಾಡಬೇಕು.

ಬೆಂಡೆ ಬೀಜ ತಣ್ಣನೆಯ ಮಣ್ಣಿನಲ್ಲಿ ಸರಿಯಾಗಿ ಮೊಳೆಯುವುದಿಲ್ಲ. ಜನವರಿ ಕೊನೆಯ ವಾರದಿಂದ ಫೆಬ್ರವರಿ 15ರೊಳಗೆ, ರಾತ್ರಿಯಿಡೀ ನೆನೆಸಿದ ಬೀಜವನ್ನು ಊರಿದರೆ 45ರಿಂದ 50 ದಿನಗಳಲ್ಲಿ ಕಾಯಿ ಸಿಗುತ್ತದೆ. ಇದೇ ಸಮಯದಲ್ಲಿ ಚವಳಿಕಾಯಿ ಮತ್ತು ಬಿಸಿಲು ತಡೆಯುವ ‘ಅರ್ಕಾ ಗರಿಮಾ’ ಅಲಸಂದೆಯನ್ನು ಒಂದೊಂದು ಮಡಿಯಲ್ಲಿ ಬಿತ್ತಬೇಕು. ಮೆಂತ್ಯೆ, ಪಾಲಕ್ ಮುಗಿದ ಎರಡು ಮಡಿಗಳಲ್ಲಿ ರಾಜಗಿರಿ ಮತ್ತು ಪುಂಡಿ ಬಿತ್ತಬೇಕು. ಆರನೆಯ ಮಡಿಯಲ್ಲಿ ಬದನೆ ಮುಂದುವರಿಯಲಿ. ಹಳೆಯ ರೆಂಬೆಗಳನ್ನು ಕತ್ತರಿಸಿ ಗೊಬ್ಬರ ಕೊಟ್ಟರೆ ಅದು ಮತ್ತೆ ಚಿಗುರಿ ಕಾಯಿ ಬಿಡುತ್ತದೆ. ಹೀಗೆ ಮಾಡಿದಲ್ಲಿ ಯುಗಾದಿಯ ಹೊತ್ತಿಗೆ ಸೊಪ್ಪು, ಬೆಂಡೆ, ಚವಳಿ ಮತ್ತು ಬದನೆ ಮನೆಯಲ್ಲಿಯೇ ದೊರೆಯುತ್ತವೆ.

ಕೀಟ ಮತ್ತು ರೋಗ

ಎಲೆಕೋಸಿನ ವಜ್ರಬೆನ್ನಿನ ಪತಂಗವನ್ನು ಆಕರ್ಷಿಸಲು ಕೋಸು ನಾಟಿಗೆ 15 ದಿನ ಮೊದಲೇ ಮಡಿಯ ಅಂಚಿನಲ್ಲಿ ಸಾಸಿವೆ ಬಿತ್ತಬೇಕು. ಸಸ್ಯಹೇನು ಕಂಡುಬಂದಾಗ ಕುಡಿ ಚಿವುಟಿ ನಾಶಪಡಿಸಿ, ಬೇವಿನ ಬೀಜದ ಕಷಾಯ ಸಿಂಪಡಿಸಬೇಕು: 50 ಗ್ರಾಂ ಪುಡಿಯನ್ನು ಒಂದು ಲೀಟರ್ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಸೋಸಿ, ಸ್ವಲ್ಪ ಸೋಪಿನ ದ್ರಾವಣ ಬೆರೆಸಿ ಸಂಜೆ ಬಳಸಬೇಕು. ಬಿಸಿಲೇರಿದ ಮೇಲೆ ಗಂಧಕ ಸಿಂಪಡಿಸಬಾರದು. ಸೌತೆ ಜಾತಿಯ ಬಳ್ಳಿಗಳ ಎಲೆ ಅದರಿಂದ ಸುಡುತ್ತದೆ. ಬೆಂಡೆಯಲ್ಲಿ ಹಳದಿ ನಂಜು ರೋಗದ ಗಿಡ ಕಂಡ ದಿನವೇ ಕಿತ್ತು ಹಾಕಬೇಕು. ಬಿಳಿನೊಣಗಳು ಅದನ್ನು ಇತರ ಗಿಡಗಳಿಗೆ ಹರಡುತ್ತವೆ.

ವಿಸ್ತರಣಾ ಕಾರ್ಯಕರ್ತರ ಗಮನಕ್ಕೆ

ಸ್ವಸಹಾಯ ಸಂಘಗಳಿಗೆ, ಅಂಗನವಾಡಿಗಳಿಗೆ ತರಕಾರಿ ಬೀಜದ ಕಿಟ್ ಹಂಚುವಾಗ ಎಲ್ಲ ಬೀಜವನ್ನು ಒಂದೇ ಪೊಟ್ಟಣದಲ್ಲಿ ಕೊಟ್ಟರೆ ಅದೆಲ್ಲವೂ ಒಂದೇ ದಿನ ಮಣ್ಣಿಗೆ ಬೀಳುತ್ತದೆ. ಬೀಜವನ್ನು ಅಕ್ಟೋಬರ್, ಡಿಸೆಂಬರ್ ಮತ್ತು ಜನವರಿ ಕೊನೆಯ ಬಿತ್ತನೆಗೆಂದು ಮೂರು ಪೊಟ್ಟಣಗಳಾಗಿ ವಿಂಗಡಿಸಿ, ಪ್ರತಿಯೊಂದರ ಮೇಲೆ ಬಿತ್ತನೆಯ ತಾರೀಖನ್ನು ದಪ್ಪ ಅಕ್ಷರದಲ್ಲಿ ಬರೆಯಬೇಕು. ಕೈತೋಟದ ಯಶಸ್ಸನ್ನು ಡಿಸೆಂಬರ್‌ನ ಕ್ಷೇತ್ರ ಭೇಟಿಯಿಂದ ನಿರ್ಣಯಿಸಬಾರದು. ಆಗ ಎಲ್ಲ ಹಿತ್ತಲುಗಳೂ ಹಸಿರಾಗಿಯೇ ಇರುತ್ತವೆ. ಮಾರ್ಚ್ ಕೊನೆಯ ವಾರದಲ್ಲಿ ಮತ್ತೊಮ್ಮೆ ಭೇಟಿ ನೀಡಿ, ಎಷ್ಟು ಮಡಿಗಳಲ್ಲಿ ಬೆಳೆ ಇದೆ ಮತ್ತು ಆ ದಿನ ಮನೆಯಲ್ಲಿ ಯಾವ ಪಲ್ಯ ಮಾಡಿದ್ದಾರೆ ಎಂಬ ಎರಡು ವಿಷಯಗಳನ್ನು ದಾಖಲಿಸಿಕೊಳ್ಳಬೇಕು.