ಮಕ್ಕಳ ಕವಿಗೆ ಸಮ್ಮೇಳನದ ಪೀಠ

1934ನೆಯ ಇಸವಿಯಲ್ಲಿ ರಾಯಚೂರಿನಲ್ಲಿ ನೆರೆದ 20ನೆಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠವನ್ನು ಅಲಂಕರಿಸಿದವರು ನಿವೃತ್ತರಾದ ಒಬ್ಬ ಉಪಾಧ್ಯಾಯರು. ಅವರು ಮಹಾಕಾವ್ಯವನ್ನು ರಚಿಸಿದವರಲ್ಲ. ದೊಡ್ಡ ಪದವಿಯಲ್ಲಿದ್ದು ರಾಜ್ಯಭಾರ ನಡೆಸಿದವರೂ ಅಲ್ಲ. ಬಹುಜನರ ಪಾಲಿಗೆ ಅವರು ಶಾಲೆಯ ಪದ್ಯಪುಸ್ತಕದ ಕವಿ, ಹಾವಿನ ಹಾಡನ್ನು ಕಟ್ಟಿಕೊಟ್ಟ ಪಂಜೆ ಮಂಗೇಶರಾಯರು. 1915ರಲ್ಲಿ ಎಚ್. ವಿ. ನಂಜುಂಡಯ್ಯನವರ ಅಧ್ಯಕ್ಷತೆಯಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಈ ಸಮ್ಮೇಳನವು ವಿದ್ವಾಂಸರನ್ನೂ ಪತ್ರಕರ್ತರನ್ನೂ ಆಡಳಿತಗಾರರನ್ನೂ ಗೌರವಿಸುತ್ತ ಬಂದಿತ್ತು. ಅಂತಹ ಪೀಠವು ಮಕ್ಕಳಿಗಾಗಿ ಬರೆದವರೊಬ್ಬರಿಗೆ ಸಂದದ್ದೇಕೆ? ಆ ಗೌರವದ ಅರ್ಥವೇನು? ಇದನ್ನು ತಿಳಿಯಬೇಕಾದರೆ ಪಂಜೆಯವರು ಯಾವ ಮಕ್ಕಳಿಗಾಗಿ ಬರೆದರೆಂಬುದನ್ನು ಮೊದಲು ನೋಡಬೇಕು.

ಮನೆಯ ಮಾತು ಒಂದು, ಶಾಲೆಯ ಮಾತು ಇನ್ನೊಂದು

ಪಂಜೆಯವರು ಹುಟ್ಟಿದ್ದು 1874ರ ಫೆಬ್ರವರಿ 22ರಂದು, ನೇತ್ರಾವತಿಯ ತಡಿಯ ಬಂಟವಾಳದಲ್ಲಿ. ಅವರ ಮನೆಯ ಮಾತು ಕೊಂಕಣಿ. ಬೀದಿಯಲ್ಲಿಯೂ ಸಂತೆಯಲ್ಲಿಯೂ ಕೇಳಿಬರುತ್ತಿದ್ದುದು ತುಳು. ಕನ್ನಡವು ಶಾಲೆಯಲ್ಲಿ ಕಲಿತ ನುಡಿ. ಅದರ ಮೇಲೆ ಉದ್ಯೋಗಕ್ಕೆ ಬೇಕಾದ ಇಂಗ್ಲಿಷ್. ದಕ್ಷಿಣ ಕನ್ನಡದ ಅಸಂಖ್ಯ ಮಕ್ಕಳ ಸ್ಥಿತಿಯೂ ಇದೇ ಆಗಿತ್ತು. ಅವರು ಮನೆಯಲ್ಲಿ ಆಡದ ಭಾಷೆಯೊಂದು ಮೊದಲ ಪಾಠದ ದಿನವೇ ಅವರ ಮುಂದೆ ಬಂದು ನಿಲ್ಲುತ್ತಿತ್ತು.

ಹಾಗೆ ಬಂದ ಕನ್ನಡವಾದರೂ ಎಂತಹುದು? ಅಂದಿನ ಶಾಲೆಯ ಪದ್ಯವೆಂದರೆ ಬಹುಮಟ್ಟಿಗೆ ಹಳೆಯ ಕಾವ್ಯಗಳಿಂದ ಆಯ್ದ ಭಾಗಗಳು ಮತ್ತು ನೀತಿಪದ್ಯಗಳು. ದೊಡ್ಡವರೂ ಟೀಕೆಯ ಸಹಾಯದಿಂದ ಓದಬೇಕಾದ ಸಾಲುಗಳನ್ನು ಮಗುವು ಬೆತ್ತದ ಭಯದಿಂದ ಬಾಯಿಪಾಠ ಮಾಡಬೇಕಾಗಿತ್ತು. ಅರ್ಥವು ಎಂದಾದರೂ ಒಂದು ದಿನ ತಾನಾಗಿ ಹೊಳೆಯಬಹುದೆಂಬುದೇ ಉಪಾಧ್ಯಾಯರ ಆಶೆ.

ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ ಕನ್ನಡ ಪಂಡಿತರಾಗಿ, ಬಳಿಕ ಶಾಲೆಗಳ ಇನ್ಸ್‌ಪೆಕ್ಟರರಾಗಿ ದುಡಿದ ಪಂಜೆಯವರು ಈ ಕಷ್ಟವನ್ನು ಎರಡೂ ಕಡೆಗಳಿಂದ ಬಲ್ಲವರಾಗಿದ್ದರು. ತಾವೇ ಅಂತಹ ಮಗುವಾಗಿ ಕಲಿತಿದ್ದರು. ಅಂತಹ ಮಕ್ಕಳು ಕಲಿಯುವುದನ್ನು ಊರೂರಿನ ಶಾಲೆಗಳಲ್ಲಿ ಕಂಡಿದ್ದರು.

ಪದ್ಯಪುಸ್ತಕದೊಳಗಿನ ಕ್ರಾಂತಿ

ಅವರ ಲೇಖನಿಯು ಮೊದಲು ಹರಿದದ್ದು ಮಕ್ಕಳ ಕಡೆಗಲ್ಲ. ಬೆನಗಲ್ ರಾಮರಾಯರು ನಡೆಸುತ್ತಿದ್ದ ‘ಸುವಾಸಿನಿ’ ಪತ್ರಿಕೆಯಲ್ಲಿ 1900ರ ಸುಮಾರಿಗೆ ಬೆಳಕು ಕಂಡ ಪಂಜೆಯವರ ಬರಹಗಳು ಕನ್ನಡ ಸಣ್ಣಕಥೆಯ ಮೊದಲ ಹೆಜ್ಜೆಗಳೆಂದು ಚರಿತ್ರಕಾರರು ಎಣಿಸುತ್ತಾರೆ. ‘ಹರಟೆಮಲ್ಲ’ ಎಂಬುದೂ ‘ರಾ. ಮ. ಪಂ.’ ಎಂಬುದೂ ಅವರು ತಳೆದ ಹೆಸರುಗಳು. ಪದ್ಯಗಳಿಗೆ ಅವರು ಹಾಕಿದ ಅಂಕಿತವು ‘ಕವಿಶಿಷ್ಯ’. ತಾನು ಕವಿಯೆಂದು ಹೇಳಿಕೊಳ್ಳದೆ ಕವಿಗಳ ಶಿಷ್ಯನೆಂದು ಕರೆದುಕೊಂಡ ಈ ವಿನಯವು ಅವರ ಬರವಣಿಗೆಯ ರೀತಿಗೂ ಒಪ್ಪುತ್ತದೆ.

1912ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಕನ್ನಡ ಪದ್ಯಪುಸ್ತಕ ಹೊರಬಂದಿತು. ಪಂಜೆಯವರ ಕೈಯಿಂದ ರೂಪುಗೊಂಡ ಈ ಪುಸ್ತಕವು ನೋಡುವುದಕ್ಕೆ ಚಿಕ್ಕದು. ಮಾಡಿದ ಕೆಲಸ ದೊಡ್ಡದು. ಮುಂದೆ ಅವರ ಹಾಡುಗಳಲ್ಲಿಯೂ ಕಥೆಗಳಲ್ಲಿಯೂ ಹಾವು, ಇಲಿ, ಕೋಳಿ, ಮುಂಜಾವಿನ ಸೂರ್ಯ, ತೊಟ್ಟಿಲ ಕೂಸು ಇವೆಲ್ಲ ಕನ್ನಡದ ಒಳಗೆ ನಡೆದು ಬಂದವು. ‘ಇಲಿಗಳ ಥಕಥೈ’ ಎಂಬ ಹೆಸರನ್ನು ಕೇಳಿದೊಡನೆಯೇ ಮಗುವಿನ ಕಾಲು ತಾಳ ಹಾಕುತ್ತದೆ. ಅರ್ಥ ಹೇಳಿಕೊಡುವ ಗುರುವಿಗಾಗಿ ಕಾಯಬೇಕಾಗಿಲ್ಲ.

‘ಸಿಗಡಿ ಯಾಕೆ ಒಣಗಲಿಲ್ಲ’ ಎಂಬ ಕಥೆಯನ್ನೇ ತೆಗೆದುಕೊಳ್ಳಿ. ಬಿಸಿಲಿಗೆ ಹರಡಿದ ಸಿಗಡಿಯನ್ನು ಕಾಣದ ಕರಾವಳಿಯ ಮಗುವಿಲ್ಲ. ವಸ್ತು ಪರಿಚಿತ, ಆದುದರಿಂದ ಮಗುವಿನ ಮನಸ್ಸು ಭಯವಿಲ್ಲದೆ ಭಾಷೆಯ ಕಡೆಗೆ ತಿರುಗುತ್ತದೆ. ಇನ್ನು ಆ ಹೆಸರಿನೊಳಗೆ ಅಡಗಿರುವ ಪಾಠವೆಷ್ಟು! ಕಾರಣವನ್ನು ಕೇಳುವ ಪ್ರಶ್ನೆಯೊಂದು, ಭೂತಕಾಲದ ನಿಷೇಧರೂಪವೊಂದು. ವ್ಯಾಕರಣದ ಪುಸ್ತಕವು ಸೂತ್ರ ಕಟ್ಟಿ ಹೇಳಬೇಕಾದುದನ್ನು ಮಗುವು ಆಟದಲ್ಲಿಯೇ ಕಲಿತುಬಿಡುತ್ತದೆ. ಕನ್ನಡವನ್ನು ತಾಯ ಮಡಿಲಲ್ಲಿ ಕಲಿಯದ ಮಗುವಿಗೆ ಇದಕ್ಕಿಂತ ಹಿತವಾದ ಬಾಗಿಲು ಬೇರೊಂದಿಲ್ಲ. ಪಂಜೆಯವರ ಸರಳತೆಯನ್ನು ಶೈಲಿಯ ಸೊಗಸೆಂದು ಮಾತ್ರ ಹೊಗಳಿದರೆ ಸಾಲದು. ಅದು ಅವರ ಓದುಗರ ಅಗತ್ಯವಾಗಿತ್ತು.

ಈ ಕೆಲಸವು ಒಬ್ಬರಿಂದ ಮುಗಿಯುವಂತಹುದಲ್ಲವೆಂದು ತಿಳಿದು 1921ರಲ್ಲಿ ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲವನ್ನು ಸ್ಥಾಪಿಸಲಾಯಿತು. ಮಕ್ಕಳ ಪುಸ್ತಕಗಳಿಗಾಗಿಯೇ ಒಂದು ಸಂಘವೆಂಬುದು ಕನ್ನಡಕ್ಕೆ ಆಗ ಹೊಸತು. 1924ರಲ್ಲಿ ಪಂಜೆಯವರ ‘ಕೋಟಿ ಚೆನ್ನಯ’ ಪ್ರಕಟವಾಯಿತು. ತುಳುವರು ಪಾಡ್ದನಗಳಲ್ಲಿ ಹಾಡಿಕೊಂಡು ಬಂದ ಅವಳಿ ವೀರರ ಕಥೆಯು ಕನ್ನಡದಲ್ಲಿ ಪುಸ್ತಕವಾಯಿತು. ಮನೆಯಲ್ಲಿ ತುಳುವಿನಲ್ಲಿ ಕೇಳಿದ್ದನ್ನೇ ಮಗುವು ಶಾಲೆಯಲ್ಲಿ ಕನ್ನಡದಲ್ಲಿ ಓದಬಹುದಾಯಿತು.

ಮಡಿಕೇರಿಯ ವರ್ಷಗಳು

1920ರ ದಶಕದಲ್ಲಿ ಪಂಜೆಯವರು ಮಡಿಕೇರಿಯ ಹೈಸ್ಕೂಲಿನ ಮುಖ್ಯೋಪಾಧ್ಯಾಯರಾದರು. ಕೊಡಗು ಆಗ ಚೀಫ್ ಕಮಿಷನರರ ಆಡಳಿತಕ್ಕೆ ಒಳಪಟ್ಟ ಪ್ರತ್ಯೇಕ ಪ್ರಾಂತ. ಇಲ್ಲಿಯೂ ಶಾಲೆಯ ಮಾತು ಕನ್ನಡ, ಅನೇಕ ಮಕ್ಕಳ ಮನೆಯ ಮಾತು ಕೊಡವ. ಹೊಸ ಭತ್ತವನ್ನು ಮನೆತುಂಬಿಸಿಕೊಳ್ಳುವ ಹುತ್ತರಿ ಹಬ್ಬವನ್ನು ಕಂಡು ಅವರು ಕಟ್ಟಿದ ‘ಹುತ್ತರಿ ಹಾಡು’ ಕೊಡಗಿನವರ ಸ್ವಂತ ಹಾಡಾಗಿ ಉಳಿದಿದೆ. ಹೊರಗಿನಿಂದ ಬಂದ ಉಪಾಧ್ಯಾಯನೊಬ್ಬನ ಪದ್ಯವನ್ನು ಒಂದು ನಾಡು ತನ್ನದೆಂದು ಒಪ್ಪಿಕೊಳ್ಳುವುದು ಎಲ್ಲಿಯೂ ಅಪರೂಪ.

1932ರಲ್ಲಿ ಸಾಹಿತ್ಯ ಸಮ್ಮೇಳನವೇ ಮಡಿಕೇರಿಗೆ ಬಂದಿತು. ಡಿ. ವಿ. ಗುಂಡಪ್ಪನವರು ಅದರ ಅಧ್ಯಕ್ಷರು. ಅದಾದ ಎರಡು ವರ್ಷಗಳಿಗೆ ಸಮ್ಮೇಳನವು ನಾಡಿನ ಇನ್ನೊಂದು ಅಂಚಾದ ರಾಯಚೂರಿಗೆ ಹೋದಾಗ ಪೀಠದ ಮೇಲಿದ್ದವರು ಪಂಜೆಯವರು.

ರಾಯಚೂರಿನ ಅರ್ಥ

ರಾಯಚೂರು ಆಗ ನಿಜಾಮರ ಹೈದರಾಬಾದು ಸಂಸ್ಥಾನಕ್ಕೆ ಸೇರಿತ್ತು. ಸಂಸ್ಥಾನದ ಆಡಳಿತದ ಭಾಷೆ ಉರ್ದು. ಶಿಕ್ಷಣದಲ್ಲಿಯೂ ಅದಕ್ಕೇ ಅಗ್ರಸ್ಥಾನ. ಅಲ್ಲಿಯ ಕನ್ನಡ ಮಗುವಿನ ಕಷ್ಟವು ಕರಾವಳಿಯ ಮಗುವಿನ ಕಷ್ಟವನ್ನು ತಿರುಗಿಸಿಟ್ಟಂತೆ ಇತ್ತು: ಇಲ್ಲಿ ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಬೇರೆ ನುಡಿ. ಎರಡು ನುಡಿಗಳ ನಡುವೆ ಸಿಕ್ಕಿದ ಮಗುವನ್ನು ಜೀವಮಾನವೆಲ್ಲ ಕಂಡ ಲೇಖಕನನ್ನು ಆ ನೆಲದಲ್ಲಿ ಅಧ್ಯಕ್ಷನನ್ನಾಗಿ ಕೂರಿಸಿದ್ದು ಎಷ್ಟು ಉಚಿತ! ಮಕ್ಕಳ ಪುಸ್ತಕವೂ ಸಾಹಿತ್ಯವೇ ಎಂಬ ಮಾತಿಗೆ ಅಲ್ಲಿ ಸಮ್ಮೇಳನದ ಮುದ್ರೆ ಬಿದ್ದಿತು. ಮೂರು ವರ್ಷಗಳ ತರುವಾಯ, 1937ರ ಅಕ್ಟೋಬರ್ 25ರಂದು, ಪಂಜೆಯವರು ತೀರಿಕೊಂಡದ್ದೂ ಆ ಸಂಸ್ಥಾನದ ರಾಜಧಾನಿಯಾದ ಹೈದರಾಬಾದಿನಲ್ಲಿಯೇ.

ಅವರು ಹಾಕಿಕೊಟ್ಟ ದಾರಿ ನಿಲ್ಲಲಿಲ್ಲ. 1955ರಲ್ಲಿ ಮೈಸೂರಿನ ಸಮ್ಮೇಳನಕ್ಕೆ ಅಧ್ಯಕ್ಷರಾದ ಶಿವರಾಮ ಕಾರಂತರು ಅದಾಗಲೇ ಮಕ್ಕಳಿಗಾಗಿ ‘ಬಾಲಪ್ರಪಂಚ’ದ ಸಂಪುಟಗಳನ್ನು ರಚಿಸಿದ್ದವರು. ಪುಟ್ಟ ಮಕ್ಕಳಿಗೆ ತುತ್ತೂರಿಯ ಪದ್ಯವನ್ನು ಕೊಟ್ಟ ಜಿ. ಪಿ. ರಾಜರತ್ನಂ ಅವರು 1978ರಲ್ಲಿ ದೆಹಲಿಯಲ್ಲಿ ನಡೆದ 50ನೆಯ ಸಮ್ಮೇಳನದ ಪೀಠವನ್ನೇರಿದರು. ಕೇಂದ್ರ ಸಾಹಿತ್ಯ ಅಕಾಡೆಮಿಯು 2010ರಿಂದ ಬಾಲಸಾಹಿತ್ಯಕ್ಕೆಂದೇ ಪುರಸ್ಕಾರವನ್ನು ಕೊಡತೊಡಗಿತು. ಕನ್ನಡದ ಮೊದಲ ಗೌರವ ಬೊಳುವಾರು ಮಹಮದ್ ಕುಂಞಿಯವರಿಗೆ, ಗಾಂಧೀಜಿಯವರ ಬಾಲ್ಯವನ್ನೂ ಬಾಳನ್ನೂ ಮಕ್ಕಳಿಗೆ ಹೇಳಿದ ಪುಸ್ತಕಕ್ಕಾಗಿ ಸಂದಿತು.

ನಾಲ್ಕು ತಾಲ್ಲೂಕುಗಳ ಮಕ್ಕಳು

ಇಷ್ಟಾದ ಮೇಲೆ ಪಂಜೆಯವರ ಕೆಲಸ ಮುಗಿಯಿತೆಂದು ಭಾವಿಸಬಹುದೇ? ಮಡಿಕೇರಿಯಿಂದ ಮೈಸೂರಿಗೆ ಇಳಿದು ಬರುವ ರಸ್ತೆಯಲ್ಲಿಯೇ ಇದಕ್ಕೆ ಉತ್ತರವಿದೆ. ಆ ರಸ್ತೆಯು ಪಿರಿಯಾಪಟ್ಟಣ, ಹುಣಸೂರುಗಳನ್ನು ಹಾದು ಬರುತ್ತದೆ. ಕೊಡಗಿನ ಲಕ್ಷ್ಮಣತೀರ್ಥವು ಹುಣಸೂರಿನ ಪಕ್ಕದಲ್ಲಿ ಹರಿದರೆ, ಕಾವೇರಿಯು ಪಿರಿಯಾಪಟ್ಟಣದ ಸೀಮೆಯನ್ನು ಮುಟ್ಟಿ ಕೃಷ್ಣರಾಜನಗರದ ಚುಂಚನಕಟ್ಟೆಯಲ್ಲಿ ಧುಮುಕುತ್ತದೆ. ದಕ್ಷಿಣಕ್ಕೆ ಕಪಿಲೆಯ ಹೆಗ್ಗಡದೇವನಕೋಟೆ.

ಹೆಗ್ಗಡದೇವನಕೋಟೆ, ಹುಣಸೂರುಗಳ ಕಾಡಂಚಿನ ಹಾಡಿಗಳಲ್ಲಿ ಜೇನುಕುರುಬರ, ಬೆಟ್ಟಕುರುಬರ ಮಕ್ಕಳು ತಮ್ಮವೇ ಆದ ನುಡಿಗಳನ್ನು ಆಡುತ್ತ ಬೆಳೆಯುತ್ತಾರೆ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆಯಲ್ಲಿ 1960ರ ದಶಕದ ಆರಂಭದಲ್ಲಿ ನೆಲೆಸಿದ ಟಿಬೆಟನ್ನರ ಮನೆಗಳಲ್ಲಿ ಮಾತು ಬೇರೆ. ಕೃಷ್ಣರಾಜನಗರದ ಬಯಲಿನ ರೈತನ ಮಗುವಿಗೆ ಕನ್ನಡವೇ ತಾಯಿನುಡಿಯಾದರೂ ಅವನ ಮನೆಯ ಕನ್ನಡಕ್ಕೂ ಪುಸ್ತಕದ ಕನ್ನಡಕ್ಕೂ ನಡುವೆ ಅಂತರವುಂಟು. ಬಂಟವಾಳದ ಬಾಲಕನ ಮುಂದಿದ್ದ ಬಾಗಿಲು ಇವರ ಮುಂದೆಯೂ ಇದೆ.

ಸಮ್ಮೇಳನಗಳು ಇಂದು ಜಿಲ್ಲೆ, ತಾಲ್ಲೂಕುಗಳ ಮಟ್ಟಕ್ಕೂ ಇಳಿದು ಬಂದಿವೆ. ಮಕ್ಕಳು ಮೆರವಣಿಗೆಯಲ್ಲಿ ನಡೆಯುತ್ತಾರೆ, ವೇದಿಕೆಯ ಮೇಲೆ ನಾಡಗೀತೆ ಹಾಡುತ್ತಾರೆ. ಅವರಿಗಾಗಿ ಬರೆದ ಪುಸ್ತಕಕ್ಕೂ ಅದೇ ವೇದಿಕೆಯಲ್ಲಿ ಸ್ಥಾನ ಬೇಕು. ಕರಾವಳಿಯ ಮಗುವಿಗೆ ಸಿಗಡಿ ಹೇಗೋ ಹಾಗೆ ಹುಣಸೂರಿನ ಸೀಮೆಯ ಮಗುವಿಗೆ ಮನೆಯ ಹಿಂದೆ ಒಣಗುವ ಹೊಗೆಸೊಪ್ಪು. ಹಾಡಿಯ ಮಗುವಿಗೆ ಜೇನು, ಆನೆ, ಬಿದಿರ ಕಳಲೆ. ಇವುಗಳನ್ನು ಬಲ್ಲ ಲೇಖಕರು ಈ ನಾಲ್ಕು ತಾಲ್ಲೂಕುಗಳ ಶಾಲೆಗಳಲ್ಲಿಯೇ ಇರಬಹುದು, ಪಂಜೆಯವರಂತೆ ಸಂಬಳ ಕಡಿಮೆಯ ಉಪಾಧ್ಯಾಯರಾಗಿಯೇ ಇರಬಹುದು. ಅವರನ್ನು ಗುರುತಿಸಿ ಕರೆದು ಕೂರಿಸುವ ಸಮ್ಮೇಳನವು 1934ರ ರಾಯಚೂರಿನ ಸಮ್ಮೇಳನಕ್ಕೆ ನಿಜವಾದ ಉತ್ತರಾಧಿಕಾರಿಯಾಗುತ್ತದೆ.