ಕರಗುವ ಆಲಿಕಲ್ಲು, ಉಳಿಯಬೇಕಾದ ದಾಖಲೆ

ಮಳೆಯ ಹಾನಿ ಎಂದೊಡನೆ ಬೆಳಗಾವಿ ನಗರ ಹಾಗೂ ಖಾನಾಪುರ ತಾಲ್ಲೂಕಿನ ವ್ಯಾಪಾರೋದ್ಯಮಿಗಳಿಗೆ 2019ರ ಆಗಸ್ಟ್ ತಿಂಗಳ ಪ್ರವಾಹ ನೆನಪಾಗುವುದು ಸಹಜ. ಪ್ರವಾಹದ ನೀರು ಗೋಡೆಯ ಮೇಲೆ ಗುರುತು ಬಿಟ್ಟು ಹೋಗುತ್ತದೆ. ಸರಕಾರಿ ಸಮೀಕ್ಷೆಯೂ ನಡೆಯುತ್ತದೆ. ಆಲಿಕಲ್ಲು ಮಳೆಯ ಸ್ವಭಾವ ಇದಕ್ಕಿಂತ ಭಿನ್ನ. ಅದು ಕೆಲವೇ ನಿಮಿಷ ಸುರಿದು ನಿಲ್ಲುತ್ತದೆ. ಹಾನಿಯ ಮೊದಲ ಸಾಕ್ಷ್ಯವಾದ ಕಲ್ಲುಗಳೂ ಕರಗಿ ಹೋಗುತ್ತವೆ.

ಮುಂಗಾರಿಗೆ ಮುನ್ನ, ಏಪ್ರಿಲ್-ಮೇ ತಿಂಗಳುಗಳ ಅಶ್ವಿನಿ, ಭರಣಿ ಮಳೆಗಳ ಕಾಲದಲ್ಲಿ, ಮಧ್ಯಾಹ್ನದ ಬಿಸಿಲಿಗೆ ಕಾದ ತೇವಭರಿತ ಗಾಳಿ ವೇಗವಾಗಿ ಮೇಲೇರಿ ಗುಡುಗು ಮೋಡಗಳನ್ನು ಕಟ್ಟುತ್ತದೆ. ಎತ್ತರದಲ್ಲಿ ಹೆಪ್ಪುಗಟ್ಟಿದ ಹನಿಗಳು ಗಾತ್ರದಲ್ಲಿ ಬೆಳೆದು, ಗಾಳಿ ಹೊರಲಾರದಷ್ಟು ಭಾರವಾದಾಗ ಕೆಳಗೆ ಬೀಳುತ್ತವೆ. ಆಲಿಕಲ್ಲು ಬೀಳುವ ಪಟ್ಟಿ ಬಹುಪಾಲು ಕಿರಿದು. ಒಂದು ಬಡಾವಣೆಯಲ್ಲಿ ಹೆಂಚು ಒಡೆದಿದ್ದರೆ ಪಕ್ಕದ ಬಡಾವಣೆಯಲ್ಲಿ ಬರಿಯ ಮಳೆ. ಮಳೆಮಾಪಕವು ನೀರನ್ನು ಅಳೆಯುತ್ತದೆಯೇ ಹೊರತು ಒಡೆದ ಹೆಂಚನ್ನು ಎಣಿಸುವುದಿಲ್ಲ. ಆದ್ದರಿಂದ ಈ ಭಾಗದ ಆಲಿಕಲ್ಲು ಹಾನಿಯ ಇತಿಹಾಸದ ಬಹುಭಾಗ ಹೆಂಚು, ತಗಡು ಖರೀದಿಯ ಬಿಲ್ಲುಗಳಲ್ಲಿ ಅಡಗಿದೆ. ಲೆಕ್ಕದ ಪುಸ್ತಕದಲ್ಲಿ ಅದು ‘ದುರಸ್ತಿ ಖರ್ಚು’ ಎಂಬ ಒಂದೇ ಸಾಲಿನಲ್ಲಿ ಮುಗಿದುಹೋಗುತ್ತದೆ.

ಹಾನಿಯು ಕಟ್ಟಡದ ಸ್ವರೂಪವನ್ನು ಅವಲಂಬಿಸಿದೆ. ಹೆಂಚು ಮತ್ತು ಕುಂಬಾರಿಕೆಗೆ ಹೆಸರಾದ ಖಾನಾಪುರದಲ್ಲಿ ಹೆಂಚಿನ ಮನೆ, ಗೋದಾಮುಗಳು ಇಂದಿಗೂ ಇವೆ. ಒಡೆದ ಹೆಂಚನ್ನು ಬಿಡಿಬಿಡಿಯಾಗಿ ಬದಲಿಸಬಹುದು. ಉದ್ಯಮಬಾಗದಂತಹ ಕೈಗಾರಿಕಾ ಪ್ರದೇಶದ ಷೆಡ್ಡುಗಳಲ್ಲಿ ಸಿಮೆಂಟ್ ಶೀಟು ಬಿರುಕು ಬಿಟ್ಟರೆ ಇಡೀ ಶೀಟನ್ನೇ ತೆಗೆಯಬೇಕು. ಅಷ್ಟರೊಳಗೆ ನೀರು ಸೋರಿ ಯಂತ್ರ ಹಾಗೂ ಸರಕು ಕೆಡುತ್ತವೆ. ಛಾವಣಿಯ ವೆಚ್ಚಕ್ಕಿಂತ ಈ ಎರಡನೆಯ ನಷ್ಟವೇ ದೊಡ್ಡದಾಗಬಹುದು.

ರಾಜ್ಯ ವಿಪತ್ತು ಸ್ಪಂದನ ನಿಧಿಯ ಪಟ್ಟಿಯಲ್ಲಿ ಆಲಿಕಲ್ಲು ಮಳೆ ಸೇರಿದೆ. ಆದರೆ ಕೇಂದ್ರದ ಮಾನದಂಡಗಳು ಮುಖ್ಯವಾಗಿ ಜೀವಹಾನಿ, ಮನೆ, ಬೆಳೆ, ಜಾನುವಾರುಗಳಿಗೆ ಸಂಬಂಧಿಸಿದವು. ವ್ಯಾಪಾರಿಯ ದಾಸ್ತಾನಿಗೆ ವಿಮೆಯೇ ಆಧಾರ. ವಾಹನಗಳ ಸಮಗ್ರ ಪಾಲಿಸಿಯಲ್ಲಿ ಆಲಿಕಲ್ಲನ್ನು ಹೆಸರಿಸಲಾಗಿದೆ. ಅಗ್ನಿ ವಿಮೆಯಲ್ಲಿ ಬಿರುಗಾಳಿ, ಪ್ರವಾಹಗಳ ರಕ್ಷಣೆಯನ್ನು ಕೈಬಿಟ್ಟು ಪ್ರೀಮಿಯಂ ಉಳಿಸುವ ಅವಕಾಶ 2001ರ ಅಗ್ನಿ ವಿಮಾ ದರಪಟ್ಟಿಯಲ್ಲಿತ್ತು. 2021ರ ಏಪ್ರಿಲ್ 1ರಿಂದ 5 ಕೋಟಿ ರೂಪಾಯಿವರೆಗಿನ ಸ್ವತ್ತಿಗೆ ‘ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ’ ಪಾಲಿಸಿ ಬಂದಿದೆ. ಇದರಲ್ಲಿ ಶೇ. 15ರವರೆಗಿನ ಕಡಿಮೆ ವಿಮೆಗೆ ರಿಯಾಯಿತಿಯುಂಟು. ಅದನ್ನು ಮೀರಿದರೆ ಪರಿಹಾರವೂ ಪ್ರಮಾಣಾನುಸಾರ ಇಳಿಯುತ್ತದೆ. ಉದಾಹರಣೆಗೆ, 80 ಲಕ್ಷದ ಸ್ವತ್ತಿಗೆ 40 ಲಕ್ಷದ ವಿಮೆ ಇದ್ದರೆ, 4 ಲಕ್ಷದ ನಷ್ಟಕ್ಕೆ ದೊರೆಯುವುದು ಸುಮಾರು ಅರ್ಧ ಮಾತ್ರ.

ಇನ್ನೊಂದು ಅಂಶ ಜಿಎಸ್‌ಟಿ. ನಾಶವಾದ ಸರಕಿನ ಮೇಲೆ ಪಡೆದ ಹೂಡುವಳಿ ತೆರಿಗೆ ಜಮೆಯನ್ನು ಹಿಂತಿರುಗಿಸಬೇಕಾಗುತ್ತದೆ. ದಾಸ್ತಾನಿನ ವಿಮಾ ಮೊತ್ತ ನಿರ್ಧರಿಸುವಾಗ ಈ ತೆರಿಗೆಯನ್ನೂ ಗಣನೆಗೆ ತೆಗೆದುಕೊಳ್ಳುವುದು ವಿವೇಕ.

ಪಾಲಿಸಿ ನವೀಕರಿಸುವಾಗ ಆಲಿಕಲ್ಲಿನ ಹಾನಿ ಯಾವ ಅಪಾಯದಡಿ ಸೇರುತ್ತದೆ ಎಂಬುದನ್ನು ಲಿಖಿತವಾಗಿ ಖಚಿತಪಡಿಸಿಕೊಳ್ಳಬೇಕು. ಕಲ್ಲು ಬಿದ್ದ ದಿನವೇ ದಿನಾಂಕ, ವೇಳೆ ಸಹಿತ ಛಾಯಾಚಿತ್ರ ತೆಗೆದು, ವಿಮಾ ಕಂಪನಿಗೆ ತಿಳಿಸಿ, ಸರ್ವೇಯರ್ ಬರುವವರೆಗೆ ಒಡೆದ ಶೀಟುಗಳನ್ನು ಎಸೆಯದೆ ಇಡಬೇಕು. ಲೆಕ್ಕದಲ್ಲಿ ಈ ಖರ್ಚಿಗೆ ಪ್ರತ್ಯೇಕ ಖಾತೆ ತೆರೆದರೆ, ಹತ್ತು ವರ್ಷಗಳ ಬಳಿಕ ಅದೇ ಈ ಭಾಗದ ವಿಶ್ವಾಸಾರ್ಹ ಇತಿಹಾಸವಾದೀತು.